ಜಾಲತಾಣಕ್ಕೂ ವರ್ಷಕ್ಕೊಮ್ಮೆ ತಪಾಸಣೆ ಬೇಡವೇ?

ಮರ್ಫಿ ಟೌನಿನಲ್ಲಿರುವ ನಮ್ಮ ಮಳಿಗೆಯಲ್ಲಿ ಮೊಳೆ, ತಿರುಪು ತೂಗುವ ಎಲೆಕ್ಟ್ರಾನಿಕ್ ತಕ್ಕಡಿಗೆ ಪ್ರತಿ ವರ್ಷವೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಹಾಕಿಸುತ್ತೇವೆ. ಜನರೇಟರಿಗೆ ವಾರ್ಷಿಕ ನಿರ್ವಹಣಾ ಒಪ್ಪಂದವಿದೆ. ಬೆಂಕಿ ನಂದಿಸುವ ಸಿಲಿಂಡರಿನ ಕತ್ತಿನಲ್ಲಿ ಮರುಭರ್ತಿಯ ದಿನಾಂಕ ಬರೆದ ಚೀಟಿ ನೇತಾಡುತ್ತಿರುತ್ತದೆ. ಆದರೆ ವಿತರಕರು ಬೇಡಿಕೆ ಸಲ್ಲಿಸುವ, ದರಪಟ್ಟಿ ನೋಡುವ, ಬಾಕಿ ಲೆಕ್ಕ ತಿಳಿಯುವ ನಮ್ಮ ಜಾಲತಾಣವನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ ಎಂದು ಯಾರಾದರೂ ಕೇಳಿದ್ದರೆ ಬಹುಕಾಲ ನನ್ನಲ್ಲಿ ಉತ್ತರವಿರಲಿಲ್ಲ. ನಮ್ಮ ಸದಸ್ಯರಲ್ಲಿ ಬಹಳಷ್ಟು ಮಂದಿಯ ಸ್ಥಿತಿ ಇಂದಿಗೂ ಇದೇ ಎಂಬುದು ನನ್ನ ಅನುಮಾನ. ಆಯುಧಪೂಜೆಯ ದಿನ ಗಣಕಯಂತ್ರಕ್ಕೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸುವ ನಾವು, ಅದರೊಳಗೆ ಓಡುತ್ತಿರುವ ತಂತ್ರಾಂಶದ ಆವೃತ್ತಿ ಯಾವುದೆಂದು ಕೇಳುವುದಿಲ್ಲ.

ವಿಷಯ ಪಿಎಚ್‌ಪಿ ಎಂಬ ಭಾಷೆಗೆ ಸಂಬಂಧಿಸಿದ್ದು. ಜಾಲತಾಣದ ಪುಟಗಳನ್ನು ಸರ್ವರಿನಲ್ಲಿ ಸಿದ್ಧಪಡಿಸಿ ಗ್ರಾಹಕನ ಪರದೆಗೆ ಕಳುಹಿಸುವ ಕೆಲಸಕ್ಕೆ ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಭಾಷೆಗಳಲ್ಲಿ ಇದೊಂದು. ರಾಸ್ಮಸ್ ಲೆರ್ಡಾರ್ಫ್ ಎಂಬುವರು 1995ರಲ್ಲಿ ತಮ್ಮ ಸ್ವಂತ ಪುಟಗಳಿಗಾಗಿ ರಚಿಸಿದ್ದ ಸಲಕರಣೆಗಳನ್ನು ಸಾರ್ವಜನಿಕರಿಗೆ ಉಚಿತವಾಗಿ ಬಿಟ್ಟುಕೊಟ್ಟರು. ಅಂದಿನಿಂದ ಅದು ಬೆಳೆದು ವರ್ಡ್‌ಪ್ರೆಸ್, ದ್ರುಪಾಲ್, ಮೆಜೆಂಟೊ ಮುಂತಾದ ಸಿದ್ಧ ತಂತ್ರಾಂಶಗಳಿಗೆಲ್ಲ ಬುನಾದಿಯಾಗಿದೆ. ಎಸ್.ಪಿ. ರಸ್ತೆಯಲ್ಲಿ ಗಣಕಯಂತ್ರ ಕೊಂಡು, ಪರಿಚಯದ ಹುಡುಗನೊಬ್ಬನಿಂದ ಜಾಲತಾಣ ಮಾಡಿಸಿಕೊಂಡ ವರ್ತಕರಲ್ಲಿ ಬಹುಪಾಲು ಮಂದಿ ತಮಗರಿವಿಲ್ಲದೆಯೇ ಈ ಭಾಷೆಯ ಗಿರಾಕಿಗಳು. ಭಾಷೆ ಉಚಿತ, ಕಲಿಯುವುದು ಸುಲಭ, ಅದನ್ನು ಓಡಿಸುವ ಸರ್ವರಿನ ಬಾಡಿಗೆಯೂ ಅಗ್ಗ. ಹೀಗಾಗಿ ಅದು ನಮ್ಮ ಅಂಗಡಿಗಳ ಒಳಗೆ ಸದ್ದಿಲ್ಲದೆ ಬಂದು ಕುಳಿತಿದೆ.

2012ರ ಬೇಸಿಗೆಯಲ್ಲಿ ನಮ್ಮಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳಬೇಕು. ನಮ್ಮದು ಬಾಗಿಲು ಕಿಟಕಿಗಳ ಬೀಗ, ಚಿಲಕ, ತಿರುಪುಗಳ ಸಗಟು ವ್ಯಾಪಾರ. ಕೆಲವನ್ನು ನಾವೇ ತಯಾರಿಸುತ್ತೇವೆ. ಕೋಲಾರ, ಹೊಸಕೋಟೆ, ಹೊಸೂರಿನ ವಿತರಕರು ಪತ್ರ, ದೂರವಾಣಿಗಳ ಬದಲು ಜಾಲತಾಣದ ಮೂಲಕವೇ ಬೇಡಿಕೆ ಕಳುಹಿಸಲೆಂದು 2009ರಲ್ಲಿ ಒಂದು ನಮೂನೆ ಮಾಡಿಸಿದ್ದೆವು. ಅದರಲ್ಲಿ 412 ಸರಕುಗಳು ಇಂಗ್ಲಿಷ್ ಅಕಾರಾದಿ ಕ್ರಮದಲ್ಲಿದ್ದವು. ಪ್ರತಿ ಸಾಲಿಗೂ ಸರಕಿನ ಸಂಖ್ಯೆ, ಪ್ರಮಾಣ, ರಿಯಾಯಿತಿ ಎಂದು ಮೂರು ಚೌಕಗಳು. ಮೂರು ವರ್ಷ ಯಾವ ತಕರಾರೂ ಇಲ್ಲದೆ ನಡೆಯಿತು.

ಆ ಬೇಸಿಗೆಯಲ್ಲಿ ಟವರ್ ಬೋಲ್ಟ್, ವಾಷರ್, ವಿಂಗ್ ನಟ್, ವುಡ್ ಸ್ಕ್ರೂಗಳ ಬೇಡಿಕೆ ಏಕಾಏಕಿ ನಿಂತುಹೋಯಿತು. ಬೀಗಗಳು ಹೋಗುತ್ತಿದ್ದವು, ಹಿಂಜುಗಳು ಹೋಗುತ್ತಿದ್ದವು. ಅವುಗಳನ್ನು ಕೂರಿಸಲು ಬೇಕಾದ ತಿರುಪು ಮಾತ್ರ ಯಾರಿಗೂ ಬೇಡವಾಗಿತ್ತು. ಕಟ್ಟಡ ಕಾಮಗಾರಿ ಮಂದವಾಗಿದೆ, ಪೈಪೋಟಿಯವರು ದರ ಇಳಿಸಿದ್ದಾರೆ ಎಂದೆಲ್ಲ ನಾವು ಕಾರಣ ಹುಡುಕಿಕೊಂಡೆವು. ಕೊನೆಗೆ ಕೋಲಾರದ ಹಳೆಯ ವಿತರಕರೊಬ್ಬರು ಫೋನಿನಲ್ಲಿ ಸಿಡಿದರು: “ಏನ್ ಸ್ವಾಮಿ, ಮೂರು ಸಲ ಬರ್ದು ಕಳ್ಸಿದೀನಿ, ಒಂದು ಪೆಟ್ಟಿಗೆ ಟವರ್ ಬೋಲ್ಟ್ ಕಳ್ಸೋಕೆ ಆಗ್ಲಿಲ್ವಾ ನಿಮ್ಗೆ?” ಅವರ ಬೇಡಿಕೆ ಪಟ್ಟಿ ನಮ್ಮಲ್ಲಿಗೆ ಬಂದಿತ್ತು. ಆದರೆ 332ನೆಯ ಸಾಲಿನವರೆಗೆ ಮಾತ್ರ. ಉಳಿದ 80 ಸಾಲುಗಳು ದಾರಿಯಲ್ಲೇ ಕಳಚಿ ಬಿದ್ದಿದ್ದವು. ಅವರ ಪರದೆಯ ಮೇಲಾಗಲಿ ನಮ್ಮ ಪರದೆಯ ಮೇಲಾಗಲಿ ಎಚ್ಚರಿಕೆಯ ಒಂದಕ್ಷರವೂ ಕಾಣಿಸಿರಲಿಲ್ಲ.

ಜಾಲತಾಣ ಮಾಡಿಕೊಟ್ಟಿದ್ದ ಹುಡುಗನ ದೂರವಾಣಿ ಸಂಖ್ಯೆ ಚಾಲ್ತಿಯಲ್ಲಿರಲಿಲ್ಲ. ಸರ್ವರ್ ಬಾಡಿಗೆಗೆ ಕೊಟ್ಟಿದ್ದ ಸಂಸ್ಥೆಯವರು, ಭದ್ರತೆಯ ದೃಷ್ಟಿಯಿಂದ ಪಿಎಚ್‌ಪಿಯ ಹೊಸ ಆವೃತ್ತಿಯನ್ನು ಅಳವಡಿಸಿದ್ದೇವೆ, ಅದರ ಸೂಚನೆಯನ್ನು ಇ-ಅಂಚೆಯಲ್ಲಿ ಕಳುಹಿಸಿದ್ದೆವು ಎಂದರು. ಅದು ಹೋಗಿದ್ದು ಆ ಹುಡುಗನ ವಿಳಾಸಕ್ಕೆ. ಎರಡು ತಿಂಗಳು ಅಲೆದ ಮೇಲೆ ಇಂದಿರಾನಗರದಲ್ಲಿ ದುಡಿಯುವ ಬಂಧುವೊಬ್ಬರು ಒಂದು ಭಾನುವಾರ ಬಂದು ಕುಳಿತು, ಸೆಟ್ಟಿಂಗಿನ ಒಂದೇ ಸಾಲಿನಲ್ಲಿ 1000 ಎಂಬುದನ್ನು 3000 ಎಂದು ಬದಲಿಸಿದರು. ಅರ್ಧ ಗಂಟೆಯ ಕೆಲಸ. ಅಷ್ಟರೊಳಗೆ ಹೊಸೂರಿನ ಒಬ್ಬ ವಿತರಕರು ಬೇರೆಯವರಲ್ಲಿ ಖಾತೆ ತೆರೆದಾಗಿತ್ತು; ಅವರು ಮರಳಿ ಬರಲಿಲ್ಲ.

ಆ ಸಾವಿರದ ಮಿತಿ ಎಲ್ಲಿಂದ ಬಂತು ಎಂಬುದನ್ನು ಅನಂತರ ತಿಳಿದುಕೊಂಡೆ. 2011ರ ಡಿಸೆಂಬರ್ ಕೊನೆಯಲ್ಲಿ ಬರ್ಲಿನ್ ನಗರದಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಇಬ್ಬರು ಸಂಶೋಧಕರು, ಪಿಎಚ್‌ಪಿಯೂ ಸೇರಿದಂತೆ ಹಲವು ಭಾಷೆಗಳಲ್ಲಿದ್ದ ಒಂದು ದೌರ್ಬಲ್ಯವನ್ನು ತೋರಿಸಿದರು. ನಮ್ಮ ಗೋದಾಮಿನ ಉದಾಹರಣೆಯಿಂದ ಅದನ್ನು ವಿವರಿಸಬಹುದು. ಬಂದ ಸರಕನ್ನು ಹೆಸರಿಗೆ ತಕ್ಕಂತೆ ಬೇರೆ ಬೇರೆ ಗೂಡುಗಳಲ್ಲಿ ಹಂಚಿಟ್ಟರೆ ಹುಡುಗ ಕ್ಷಣದಲ್ಲಿ ಹುಡುಕಿ ಕೊಡುತ್ತಾನೆ. ಎಲ್ಲ ಸರಕೂ ಒಂದೇ ಗೂಡಿಗೆ ಸೇರುವಂಥ ಹೆಸರುಗಳನ್ನೇ ಆಯ್ದು ಯಾರೋ ಲಕ್ಷ ಚೀಟಿ ಕಳುಹಿಸಿದರೆ, ಪ್ರತಿ ಚೀಟಿಗೂ ಅವನು ಇಡೀ ರಾಶಿಯನ್ನು ಕೆದಕಬೇಕಾಗುತ್ತದೆ. ಉಳಿದ ಗಿರಾಕಿಗಳು ಬಾಗಿಲಲ್ಲಿ ನಿಂತೇ ಇರುತ್ತಾರೆ. ಹೀಗೆ ಉದ್ದೇಶಪೂರ್ವಕವಾಗಿ ರಚಿಸಿದ ಒಂದೇ ಒಂದು ನಮೂನೆಯಿಂದ ಸರ್ವರನ್ನು ನಿಶ್ಚಲಗೊಳಿಸಬಹುದಾಗಿತ್ತು. ಇದಕ್ಕೆ ಪರಿಹಾರವಾಗಿ 2012ರ ಜನವರಿ 10ರಂದು ಹೊರಬಂದ 5.3.9ನೆಯ ಆವೃತ್ತಿಯಲ್ಲಿ, ಒಂದು ನಮೂನೆಯಿಂದ 1000ಕ್ಕಿಂತ ಹೆಚ್ಚು ಚೌಕಗಳನ್ನು ಸ್ವೀಕರಿಸಬಾರದೆಂಬ ಮಿತಿಯನ್ನು ತಂದರು. ಮಿತಿ ಮೀರಿದರೆ ಸರ್ವರಿನ ದೋಷಪುಸ್ತಕದಲ್ಲಿ ಒಂದು ಸಾಲಿನ ಎಚ್ಚರಿಕೆ ದಾಖಲಾಗುತ್ತದೆ, ಉಳಿದ ಚೌಕಗಳನ್ನು ಕೈಬಿಡಲಾಗುತ್ತದೆ. ಆ ದೋಷಪುಸ್ತಕವನ್ನು ಯಾವ ತಿರುಪಿನ ವ್ಯಾಪಾರಿ ಓದುತ್ತಾನೆ?

ಈ ಕಥೆ ಅಲ್ಲಿಗೇ ಮುಗಿಯಲಿಲ್ಲ. ಆ ಮಿತಿಯನ್ನು ಜಾರಿಗೊಳಿಸಲು ಬರೆದ ಸಾಲುಗಳಲ್ಲಿಯೇ ಇನ್ನೊಂದು ದೋಷ ನುಸುಳಿತ್ತು. ಮೊದಲಿನ ದೌರ್ಬಲ್ಯದಿಂದ ಸರ್ವರ್ ನಿಂತುಹೋಗುತ್ತಿತ್ತು ಅಷ್ಟೆ. ಈ ಹೊಸ ದೋಷದಿಂದ ಹೊರಗಿನವನು ಸರ್ವರಿನೊಳಗೆ ತನ್ನ ಆಜ್ಞೆಗಳನ್ನೇ ಓಡಿಸುವ ಅವಕಾಶವಿತ್ತು. ಅದನ್ನು ಸರಿಪಡಿಸಿ ಫೆಬ್ರವರಿ 2ರಂದು 5.3.10ನೆಯ ಆವೃತ್ತಿಯನ್ನು ಬಿಡುಗಡೆ ಮಾಡಬೇಕಾಯಿತು. ಅಂದರೆ ಜನವರಿಯಲ್ಲಿ ಶ್ರದ್ಧೆಯಿಂದ ನವೀಕರಿಸಿ, ಇನ್ನು ಒಂದು ವರ್ಷ ಚಿಂತೆಯಿಲ್ಲ ಎಂದು ಕೈತೊಳೆದುಕೊಂಡವನು ಹಳೆಯದರಲ್ಲೇ ಉಳಿದವನಿಗಿಂತ ಹೆಚ್ಚಿನ ಅಪಾಯದಲ್ಲಿದ್ದ. ನವೀಕರಣವೆಂಬುದು ಒಮ್ಮೆ ಮಾಡಿ ಮುಗಿಸುವ ಖರೀದಿಯಲ್ಲ, ಸತತವಾಗಿ ನಡೆಯುವ ನಿರ್ವಹಣೆ ಎಂಬುದನ್ನು ನನಗೆ ಮನವರಿಕೆ ಮಾಡಿಕೊಟ್ಟದ್ದು ಈ 23 ದಿನಗಳ ಇತಿಹಾಸ.

“ಓಡುವ ಯಂತ್ರಕ್ಕೆ ಕೈ ಹಾಕಬೇಡ” ಎಂಬುದು ನಮ್ಮ ಕಾರ್ಖಾನೆಗಳಲ್ಲಿ ರೂಢಿಯ ಮಾತು. ಅದು ತಪ್ಪೆಂದು ನಾನು ಹೇಳುವುದಿಲ್ಲ. ತಂದೆಯವರ ಕಾಲದ ಲೇತ್ ಯಂತ್ರ ನಮ್ಮಲ್ಲಿ ಇಂದಿಗೂ ದಿನಕ್ಕೆ ಎಂಟು ಗಂಟೆ ದುಡಿಯುತ್ತಿದೆ. ಆದರೆ ಲೇತ್ ಇರುವುದು ಷಟರಿನ ಒಳಗೆ. ಜಾಲತಾಣ ನಿಂತಿರುವುದು ಬೀದಿಗೆ ಮುಖಮಾಡಿ, ಅದೂ ಇಡೀ ಜಗತ್ತಿನ ಬೀದಿಗೆ. ಬೀಗದ ವ್ಯಾಪಾರಿಯಾಗಿ ನಾನೊಂದು ಮಾತು ಬಲ್ಲೆ: ಒಂದು ಮಾದರಿಯ ಬೀಗವನ್ನು ತೆರೆಯುವ ಉಪಾಯ ಪೇಟೆಗೆ ತಿಳಿದ ದಿನದಿಂದ, ಆ ಬೀಗ ಎಷ್ಟೇ ಹೊಸದಾಗಿ ಹೊಳೆಯುತ್ತಿದ್ದರೂ ಅದು ಬೀಗವಾಗಿ ಉಳಿಯುವುದಿಲ್ಲ. ತಂತ್ರಾಂಶದಲ್ಲಿ ಈ ತೊಡಕು ಇನ್ನೂ ವಿಚಿತ್ರವಾದುದು. ದೋಷ ಸರಿಪಡಿಸಿದ್ದೇವೆ ಎಂದು ತಯಾರಕರು ಪ್ರಕಟಿಸಿದಾಗ, ದೋಷ ಎಲ್ಲಿತ್ತು ಎಂಬುದೂ ಅದರೊಂದಿಗೇ ಪ್ರಕಟವಾಗುತ್ತದೆ. ಹಳೆಯ ಹಾಗೂ ಹೊಸ ಆವೃತ್ತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸಿದ ಕಳ್ಳನಿಗೆ ದಾರಿ ಸಿಕ್ಕಿಬಿಡುತ್ತದೆ.

ಅದಕ್ಕೆ ಎಷ್ಟು ಹೊತ್ತು ಬೇಕು? 2014ರ ಅಕ್ಟೋಬರ್ 15ರಂದು ದ್ರುಪಾಲ್ ತಂತ್ರಾಂಶದವರು ತಮ್ಮಲ್ಲಿನ ಒಂದು ಗಂಭೀರ ದೋಷಕ್ಕೆ ಪರಿಹಾರ ಪ್ರಕಟಿಸಿದರು. ಇದು ಪಿಎಚ್‌ಪಿ ಭಾಷೆಯದಲ್ಲ, ಅದರಲ್ಲಿ ಬರೆದ ತಂತ್ರಾಂಶದ್ದೇ ದೋಷ. ಎರಡು ವಾರಗಳ ನಂತರ ಅವರೇ ಹೊರಡಿಸಿದ ಎಚ್ಚರಿಕೆ ಹೀಗಿತ್ತು: ಪ್ರಕಟಣೆಯಾದ ಏಳು ಗಂಟೆಯೊಳಗೆ ಸರಿಪಡಿಸಿಕೊಳ್ಳದ, ಏಳನೆಯ ಆವೃತ್ತಿಯ ಪ್ರತಿಯೊಂದು ಜಾಲತಾಣವೂ ಪರರ ವಶವಾಗಿದೆಯೆಂದೇ ಭಾವಿಸತಕ್ಕದ್ದು. ನಮ್ಮ ಸಮಯದಲ್ಲಿ ಹೇಳುವುದಾದರೆ ಅಂದು ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ನಾಲ್ಕೂವರೆಯವರೆಗೆ. ಹಲಸೂರಿನ ಅಂಗಡಿಗಳು ಷಟರ್ ಎಳೆದ ಮೇಲೆ ಆರಂಭವಾಗಿ ಹಾಲಿನ ಗಾಡಿ ಬರುವ ಮುನ್ನ ಎಲ್ಲವೂ ಮುಗಿದಿತ್ತು.

ಆದ್ದರಿಂದ ಹಳೆಯ ಆವೃತ್ತಿಯಲ್ಲೇ ಇದ್ದುಬಿಡುತ್ತೇವೆ ಎಂಬ ನಿಲುವನ್ನು ನಾನು ಒಪ್ಪಲಾರೆ. ಹಾಗೆಂದು, ಇದ್ದಕ್ಕಿದ್ದಂತೆ ಎಲ್ಲವನ್ನೂ ಬದಲಿಸಿ ಹಳೆಯ ಬರವಣಿಗೆಯನ್ನು ನಿಷ್ಪ್ರಯೋಜಕಗೊಳಿಸುತ್ತಾರೆ ಎಂದು ಪಿಎಚ್‌ಪಿಯ ನಿರ್ಮಾತೃಗಳನ್ನು ದೂರುವುದೂ ನ್ಯಾಯವಲ್ಲ. ಹಿಂದೆ ಈ ಭಾಷೆಯಲ್ಲಿ ಒಂದು ಸೌಕರ್ಯವಿತ್ತು: ಜಾಲತಾಣದ ವಿಳಾಸದ ಕೊನೆಯಲ್ಲಿ ಗಿರಾಕಿ ಏನನ್ನು ಬರೆದರೂ ಅದು ನೇರವಾಗಿ ಒಳಗಿನ ಲೆಕ್ಕಕ್ಕೆ ಸೇರಿಬಿಡುತ್ತಿತ್ತು. ಅಜಾಗರೂಕತೆಯಿಂದ ಬರೆದ ಪುಟವಾದರೆ, ತಾನು ನೋಂದಾಯಿತ ವಿತರಕನೆಂದೂ ತನಗೆ ಹೆಚ್ಚಿನ ರಿಯಾಯಿತಿ ಉಂಟೆಂದೂ ಯಾವನಾದರೂ ತಾನೇ ಬರೆದುಕೊಳ್ಳಬಹುದಾಗಿತ್ತು. ಗಲ್ಲಾಪೆಟ್ಟಿಗೆಯ ಮುಂದೆ ಗಿರಾಕಿಯನ್ನೇ ಕೂರಿಸಿದಂತೆ! 2002ರ ಏಪ್ರಿಲ್‌ನಲ್ಲಿ 4.2.0 ಆವೃತ್ತಿಯಿಂದ ಈ ಸೌಕರ್ಯವನ್ನು ಸಾಮಾನ್ಯ ಸ್ಥಿತಿಯಲ್ಲಿ ಮುಚ್ಚಿಡಲಾಯಿತು. 2009ರಲ್ಲಿ ಇದು ರದ್ದಾಗಲಿದೆ ಎಂದು ಎಚ್ಚರಿಸಲಾಯಿತು. 2012ರ ಮಾರ್ಚ್‌ನಲ್ಲಿ 5.4ನೆಯ ಆವೃತ್ತಿಯಿಂದ ಪೂರ್ತಿ ತೆಗೆದುಹಾಕಲಾಯಿತು. ಹತ್ತು ವರ್ಷಗಳ ಕಾಲಾವಕಾಶ! ನಮ್ಮ ಯಾವ ತೆರಿಗೆ ಇಲಾಖೆ ಇಷ್ಟು ತಾಳ್ಮೆ ತೋರಿಸಿದೆ? ಆ ಅವಧಿಯಲ್ಲಿ ಹಲವು ತಂತ್ರಾಂಶಕಾರರು ಮಾಡಿದ್ದೇನೆಂದರೆ, ಹಳೆಯ ಪುಟಗಳು ನಿಂತುಹೋಗದಿರಲೆಂದು ಮುಚ್ಚಿದ್ದ ಬಾಗಿಲನ್ನು ಮತ್ತೆ ತೆರೆದಿಟ್ಟು ಹಣ ಪಡೆದು ಹೋದದ್ದು. ದತ್ತಾಂಶದೊಂದಿಗೆ ಮಾತಾಡುವ ಹಳೆಯ ಮೈಎಸ್‌ಕ್ಯೂಎಲ್ ಆಜ್ಞೆಗಳ ಕಥೆಯೂ ಅಂಥದೇ: 2013ರಲ್ಲಿ ಎಚ್ಚರಿಕೆ, 2015ರ ಡಿಸೆಂಬರ್‌ನಲ್ಲಿ ಏಳನೆಯ ಆವೃತ್ತಿಯಿಂದ ಉಚ್ಚಾಟನೆ.

2020ರ ನವೆಂಬರ್‌ನಲ್ಲಿ ಬಂದ ಎಂಟನೆಯ ಆವೃತ್ತಿಯ ಒಂದು ಬದಲಾವಣೆಯನ್ನು ದಾಸ್ತಾನು ಇಡುವವರೆಲ್ಲರೂ ಗಮನಿಸಬೇಕು. ಅಲ್ಲಿಯವರೆಗೆ ಪಿಎಚ್‌ಪಿಯ ಸಾಮಾನ್ಯ ಹೋಲಿಕೆಯಲ್ಲಿ ಸೊನ್ನೆಯೂ ಖಾಲಿ ಜಾಗವೂ ಒಂದೇ ಎನಿಸಿಕೊಳ್ಳುತ್ತಿದ್ದವು. ಎಂಟರಿಂದ ಅವು ಬೇರೆ ಬೇರೆ. ಬದಲಾವಣೆ ಸರಿಯಾದದ್ದೇ, ಸರಕು ಮುಗಿದಿದೆ ಎಂಬುದೂ ಸರಕನ್ನು ಇನ್ನೂ ಎಣಿಸಿಲ್ಲ ಎಂಬುದೂ ಒಂದೇ ಎಂದು ನಮ್ಮ ಗುಮಾಸ್ತನೂ ಹೇಳಲಾರ. ಆದರೆ ಹಳೆಯ ಗೊಂದಲವನ್ನೇ ನೆಚ್ಚಿ ಬರೆದ ಬಿಲ್ಲಿನ ಪುಟಗಳು ಹೊಸ ಆವೃತ್ತಿಯಲ್ಲಿ ಯಾವ ದೋಷವನ್ನೂ ತೋರದೆ ಬೇರೆಯದೇ ಉತ್ತರ ಕೊಡಬಲ್ಲವು. ಪುಟ ಪೂರ್ತಿ ನಿಂತುಹೋದರೆ ನಮಗೆ ತಕ್ಷಣ ತಿಳಿಯುತ್ತದೆ. ತಪ್ಪು ಲೆಕ್ಕ ಒಪ್ಪಿಸುತ್ತಾ ನಗುನಗುತ್ತಾ ಓಡುವ ಪುಟವೇ ಹೆಚ್ಚು ನಷ್ಟ ತರುವುದು. ನಮ್ಮ ಟವರ್ ಬೋಲ್ಟಿನ ಪ್ರಸಂಗವೂ ಅದೇ ಜಾತಿಯದು.

ತಮ್ಮ ತಂತ್ರಾಂಶ ಅಂತರಜಾಲದಲ್ಲಿಲ್ಲ, ಕೌಂಟರಿನ ವಿಂಡೋಸ್ ಗಣಕದಲ್ಲೇ ಇದೆ ಎಂದು ನಿಶ್ಚಿಂತರಾಗಿರುವವರೂ ಇದ್ದಾರೆ. ಅಂಥ ಗಣಕಗಳಲ್ಲಿ ಅನೇಕ ವೇಳೆ ಇರುವುದು ಝ್ಯಾಂಪ್ ಎಂಬ ಉಚಿತ ಕಟ್ಟು. ಪಿಎಚ್‌ಪಿ ಅದರೊಳಗೇ ಅಡಕವಾಗಿದೆ. 2012ರ ಮೇ ತಿಂಗಳಲ್ಲಿ, ಸಿಜಿಐ ಎಂಬ ವಿಧಾನದಲ್ಲಿ ಪಿಎಚ್‌ಪಿ ಓಡಿಸುವ ಸರ್ವರುಗಳಲ್ಲಿ, ವಿಳಾಸದ ಕೊನೆಗೆ ಒಂದು ಅಡ್ಡಗೆರೆ ಮತ್ತು ಒಂದಕ್ಷರ ಸೇರಿಸಿದರೆ ಪುಟದ ಒಳಬರವಣಿಗೆಯೇ ಹೊರಕಾಣುವ ದೋಷ ಬೆಳಕಿಗೆ ಬಂದಿತ್ತು. ಎಂಟು ವರ್ಷ ಯಾರ ಕಣ್ಣಿಗೂ ಬೀಳದೆ ಇದ್ದ ದೋಷವದು. ಮೇ 3ರ ಪರಿಹಾರ ಸಾಲದೆ, ಮೇ 8ರಂದು ಮತ್ತೊಂದು ಬಂತು. ಅಲ್ಲಿಗೆ ಮುಗಿಯಿತೆಂದೇ ಎಲ್ಲರೂ ತಿಳಿದಿದ್ದರು. ಹನ್ನೆರಡು ವರ್ಷಗಳ ನಂತರ ತೈವಾನಿನ ಸಂಶೋಧಕರೊಬ್ಬರು, ವಿಂಡೋಸ್ ವ್ಯವಸ್ಥೆ ಬೇರೊಂದು ಚಿಹ್ನೆಯನ್ನು ತಾನಾಗಿಯೇ ಅಡ್ಡಗೆರೆಯಾಗಿ ಮಾರ್ಪಡಿಸುವುದನ್ನು ಬಳಸಿಕೊಂಡು ಅದೇ ಬಾಗಿಲನ್ನು ಮತ್ತೆ ತೆರೆಯಬಹುದೆಂದು ತೋರಿಸಿದರು. 2024ರ ಜೂನ್ 6ರಂದು ಪರಿಹಾರ ಪ್ರಕಟವಾಯಿತು. ಕೆಲವೇ ದಿನಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳುವ ಸುಲಿಗೆಕೋರರು ಅದನ್ನು ಬಳಸತೊಡಗಿದ್ದರು. ಚೀನೀ ಹಾಗೂ ಜಪಾನೀ ಭಾಷೆಗಳಿಗೆ ಹೊಂದಿಸಿದ ವಿಂಡೋಸಿನಲ್ಲಿ, ಝ್ಯಾಂಪ್ ಕಟ್ಟನ್ನು ಇದ್ದಂತೆಯೇ ಅಳವಡಿಸಿಕೊಂಡವರು ಈ ದಾಳಿಗೆ ತೆರೆದುಕೊಂಡಿದ್ದರು. ನಮ್ಮ ಗಣಕಗಳು ಆ ಭಾಷೆಗಳಲ್ಲಿಲ್ಲ ಎಂಬುದು ನಮ್ಮ ಅದೃಷ್ಟ. ಅದನ್ನು ನಮ್ಮ ಜಾಣತನವೆಂದು ಲೆಕ್ಕಕ್ಕೆ ಹಿಡಿಯಬಾರದು. ಮನೆಯಿಂದಲೇ ಮಾರಾಟದ ಲೆಕ್ಕ ನೋಡಬೇಕೆಂದು ಕೌಂಟರಿನ ಗಣಕವನ್ನು ಅಂತರಜಾಲಕ್ಕೆ ತೆರೆದಿಟ್ಟವರು ನಮ್ಮಲ್ಲಿಯೂ ಇದ್ದಾರೆ.

ಕಾನೂನಿನ ಕಡೆಯಿಂದಲೂ ಒಂದು ಮಾತು. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಹೊರಡಿಸಿದ ನಿರ್ದೇಶನದ ಪ್ರಕಾರ ಇಂಥ ದಾಳಿಗಳನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು, ಸರ್ವರಿನ ದಾಖಲೆಗಳನ್ನು 180 ದಿನ ಕಾಪಾಡಿಡಬೇಕು. ಸಣ್ಣ ಉದ್ದಿಮೆಗಳಿಗೆ ಆ ವರ್ಷದ ಸೆಪ್ಟೆಂಬರ್ 25ರವರೆಗೆ ಕಾಲಾವಕಾಶ ಕೊಡಲಾಗಿತ್ತು, ವಿನಾಯಿತಿಯನ್ನಲ್ಲ. ಗ್ರಾಹಕರ ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಬಂದ ಕಾಯಿದೆಯಲ್ಲಿ, ಸೂಕ್ತ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಅಂಥ ಮೊತ್ತ ನಮ್ಮಂಥವರ ಮೇಲೆ ಬೀಳಲಾರದು. ಆದರೆ “ಹುಡುಗನ ಫೋನ್ ಹತ್ತಲಿಲ್ಲ” ಎಂಬ ಸಮಜಾಯಿಷಿಯೂ ನಿಲ್ಲಲಾರದು.

ಹಾಗಾದರೆ ಖರ್ಚು ಯಾರದು? ಇಲ್ಲಿಯೇ ನನ್ನ ನಿಜವಾದ ತಕರಾರು ಇರುವುದು. ಜಾಲತಾಣ ಮಾಡಿಸುವಾಗ ನಾವು ಬಣ್ಣದ ಬಗ್ಗೆ, ಲಾಂಛನದ ಬಗ್ಗೆ, ತಿರುಗುವ ಚಿತ್ರಗಳ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತೇವೆ. ಮಾಡಿಕೊಡುವವರು ಒಂದೇ ಮೊತ್ತಕ್ಕೆ ಒಪ್ಪಿಕೊಂಡು, ಹಣ ಪಡೆದು, ಮುಂದಿನ ಗಿರಾಕಿಯ ಬಳಿಗೆ ಹೋಗುತ್ತಾರೆ. ನಾಲ್ಕು ವರ್ಷದ ನಂತರ ಇದರ ಗತಿಯೇನು ಎಂದು ಅವರು ಹೇಳುವುದಿಲ್ಲ, ನಾವು ಕೇಳುವುದಿಲ್ಲ. ಆ ನಾಲ್ಕು ವರ್ಷ ನಾನು ಸುಮ್ಮನೆ ಹೇಳಿದ ಅಂಕಿಯಲ್ಲ: ಪಿಎಚ್‌ಪಿಯ ಪ್ರತಿ ಆವೃತ್ತಿಗೂ ಈಗ ಎರಡು ವರ್ಷ ಪೂರ್ಣ ಬೆಂಬಲ, ಮುಂದಿನ ಎರಡು ವರ್ಷ ಭದ್ರತಾ ಪರಿಹಾರ ಮಾತ್ರ, ಅನಂತರ ಏನೂ ಇಲ್ಲ. 5.6ನೆಯ ಆವೃತ್ತಿಯ ಆಯುಸ್ಸು 2018ರ ಕೊನೆಗೆ ಮುಗಿಯಿತು, 7.4ರದು 2022ರ ನವೆಂಬರಿಗೆ, 8.1ರದು 2025ರ ಡಿಸೆಂಬರ್ 31ಕ್ಕೆ. ಔಷಧಿಯ ಪಟ್ಟಿಯ ಮೇಲಿರುವಂತೆ ಈ ದಿನಾಂಕಗಳು ಮೊದಲೇ ಪ್ರಕಟವಾಗಿರುತ್ತವೆ. ಆದ್ದರಿಂದ ಜಾಲತಾಣದ ಬೆಲೆಯನ್ನು ಒಂದು ಸಲದ ಖರ್ಚೆಂದು ಬರೆದುಕೊಳ್ಳುವುದು ಲೆಕ್ಕಪತ್ರದ ತಪ್ಪು. ಪ್ರತಿ ವರ್ಷದ ಮುಂಗಡಪತ್ರದಲ್ಲಿ ಜನರೇಟರಿನ ಪಕ್ಕದಲ್ಲಿ ಅದಕ್ಕೂ ಒಂದು ಸಾಲು ಇರಬೇಕು. ಅಷ್ಟು ಹಣ ಎಲ್ಲಿಂದ ತರುವುದು ಎನ್ನುವವರು, 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಾಗ ನಾವೆಲ್ಲ ಬಿಲ್ಲಿನ ತಂತ್ರಾಂಶವನ್ನು ಹೇಗೆ ಬದಲಿಸಿಕೊಂಡೆವು ಎಂಬುದನ್ನು ಜ್ಞಾಪಿಸಿಕೊಳ್ಳಲಿ. ಇಲಾಖೆ ಕೇಳಿದರೆ ಹಣವೂ ಹುಟ್ಟುತ್ತದೆ, ಆಳೂ ಸಿಗುತ್ತಾನೆ.

ಖರೀದಿ ಆದೇಶದಲ್ಲಿ ಬರೆಸಿಕೊಳ್ಳಬೇಕಾದ ಅಂಶಗಳು ಹೆಚ್ಚಿಲ್ಲ. ಜಾಲತಾಣದ ಹೆಸರು, ಸರ್ವರಿನ ಖಾತೆ, ಅವುಗಳ ಗುಪ್ತಪದ, ಮೂಲ ಬರವಣಿಗೆ ಇವೆಲ್ಲ ಮಾಲೀಕನ ಹೆಸರಿನಲ್ಲೇ ಇರಬೇಕು. ಸೂಚನೆಗಳು ಮಾಲೀಕನ ಇ-ಅಂಚೆಗೇ ಬರಬೇಕು. ಭದ್ರತಾ ಪರಿಹಾರ ಪ್ರಕಟವಾದರೆ ಎಷ್ಟು ದಿನದೊಳಗೆ ಅಳವಡಿಸಬೇಕೆಂಬುದು ಲಿಖಿತವಾಗಿರಬೇಕು. ಅಳವಡಿಸುವ ಮುನ್ನ ಜಾಲತಾಣದ ನಕಲು ಪ್ರತಿಯೊಂದರಲ್ಲಿ, ನಮ್ಮ ಅತಿ ದೊಡ್ಡ ಬೇಡಿಕೆ ಪಟ್ಟಿಯನ್ನು ಕೊನೆಯ ಸಾಲಿನವರೆಗೆ ತುಂಬಿ ಕಳುಹಿಸಿ ನೋಡಬೇಕು. ಈ ಕೊನೆಯ ಷರತ್ತನ್ನು ಕೇಳಿದ ತಂತ್ರಾಂಶದವರು ಮೊದಲು ನಕ್ಕರು, ಆಮೇಲೆ ಬರೆದುಕೊಂಡರು.

ಒಬ್ಬೊಬ್ಬರೇ ತಂತ್ರಜ್ಞನನ್ನು ನೇಮಿಸಿಕೊಳ್ಳುವುದು ಸಣ್ಣ ವರ್ತಕರಿಗೆ ಭಾರವೆಂಬುದು ನಿಜ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆ 1985ರಲ್ಲಿ ಬೆಂಗಳೂರಿಗೆ ಕಾಲಿಟ್ಟಂದಿನಿಂದ ಈ ನಗರ ಜಗತ್ತಿನ ತಂತ್ರಾಂಶವನ್ನೆಲ್ಲ ರಿಪೇರಿ ಮಾಡುತ್ತಿದೆ. ಮರ್ಫಿ ಟೌನಿನಿಂದ ಇಂದಿರಾನಗರಕ್ಕೆ ನಡೆದೇ ಹೋಗಬಹುದು. ಆದರೂ ನಮ್ಮ ಪುಟದ ಒಂದು ಸಾಲು ಬದಲಿಸಲು ನಮಗೆ ಎರಡು ತಿಂಗಳು ಬೇಕಾಯಿತು. ಇಪ್ಪತ್ತು ಮಳಿಗೆಗಳು ಸೇರಿ ಒಬ್ಬರನ್ನು ವಾರ್ಷಿಕ ಒಪ್ಪಂದದ ಮೇಲೆ ಇಟ್ಟುಕೊಂಡರೆ ತಲಾ ಬೀಳುವ ಮೊತ್ತ ಜನರೇಟರಿನ ಒಪ್ಪಂದಕ್ಕಿಂತ ಹೆಚ್ಚಾಗಲಾರದು. ನಮ್ಮ ವಾಣಿಜ್ಯ ಮಂಡಳಿಯು ಲೆಕ್ಕಪರಿಶೋಧನೆ, ಕಾರ್ಮಿಕ ಕಾನೂನುಗಳಿಗೆ ಸಲಹೆಗಾರರನ್ನು ಒದಗಿಸುವಂತೆಯೇ ಇದಕ್ಕೂ ಒಂದು ಮಾದರಿ ಒಪ್ಪಂದಪತ್ರವನ್ನು ಕನ್ನಡ ಹಾಗೂ ಇಂಗ್ಲಿಷ್ ಎರಡರಲ್ಲೂ ಸಿದ್ಧಪಡಿಸಿ ಸದಸ್ಯರಿಗೆ ಹಂಚಬೇಕೆಂಬುದು ನನ್ನ ವಿನಂತಿ. ನಾವು ಬಳಸುತ್ತಿರುವ ಪತ್ರದ ಪ್ರತಿಯನ್ನು ಕೊಡಲು ನಾನು ಸಿದ್ಧನಿದ್ದೇನೆ. ವಕೀಲರು ತಿದ್ದಬೇಕಾದದ್ದು ಅದರಲ್ಲಿ ಸಾಕಷ್ಟಿದೆ.

ನಮ್ಮಲ್ಲಿ ಈಗ ಆಯುಧಪೂಜೆಯ ಹಿಂದಿನ ದಿನ, ಹುಡುಗರು ಲೇತ್ ಒರೆಸಿ ತಕ್ಕಡಿ ತೊಳೆಯುವ ಹೊತ್ತಿಗೆ, ಒಪ್ಪಂದದ ತಂತ್ರಜ್ಞರು ಬಂದು ಗಣಕದ ಮುಂದೆ ಕೂರುತ್ತಾರೆ. ಆವೃತ್ತಿಯ ಸಂಖ್ಯೆ, ಅದರ ಬೆಂಬಲ ಮುಗಿಯುವ ದಿನಾಂಕ ಎರಡನ್ನೂ ಒಂದು ಚೀಟಿಯಲ್ಲಿ ಬರೆದು ಪರದೆಯ ಅಂಚಿಗೆ ಅಂಟಿಸುತ್ತಾರೆ. ಆಮೇಲೆ ನಮ್ಮ ಗುಮಾಸ್ತರು ಪರೀಕ್ಷೆಯ ಬೇಡಿಕೆಯೊಂದನ್ನು ಮೊದಲಿನಿಂದ ತುಂಬುತ್ತಾ ಹೋಗುತ್ತಾರೆ. 412ನೆಯ ಸಾಲಿನ ವುಡ್ ಸ್ಕ್ರೂ ಈ ಕಡೆಯ ಮುದ್ರಣಯಂತ್ರದಿಂದ ಹೊರಬಂದ ಮೇಲೆಯೇ ಕುಂಬಳಕಾಯಿ ತರಲು ಹುಡುಗನನ್ನು ಹಲಸೂರು ಮಾರುಕಟ್ಟೆಗೆ ಕಳುಹಿಸುತ್ತೇನೆ.